ಅರಗಿನ ಪ್ಲೇಟಿನ್ಯಾಗ ಬಂದ ದನಿ

ಬಳಿಗೆ ಹಾಕೋ ಅರಗು ನಮಗ ಗೊತ್ತದ. ಲಕೋಟಿಗೆ ಒತ್ತೋ ಮುದ್ರಿ ಅರಗೂ ಗೊತ್ತದ. ಪಾಂಡವರನ್ನ ಸುಡಬೇಕಂತ ದುರ್ಯೋಧನ ಕಟ್ಟಿಸಿದ ಅರಗಿನ ಮನಿ ಕತಿ ಅಂತೂ ಸಣ್ಣ ಹುಡುಗರಿಗೂ ಗೊತ್ತದ. ಆದ್ರ ನಮ್ಮ ಅಜ್ಜಿ ಕಾಲದ ಫೋನೋ ಪ್ಲೇಟು ಸುದ್ದಾ ಅದೇ ಅರಗಿನಿಂದ ಮಾಡಿದ್ದು ಅಂದ್ರ ಭಾಳ ಮಂದಿ ಹೌದೇನು ಅಂತಾರ. ಮುತ್ತಲ ಗಿಡ, ಬೋರಿ ಗಿಡದ ಟೊಂಗಿ ಮ್ಯಾಲೆ ಒಂದು ಸಣ್ಣ ಹುಳ ಕೂತು ಅಂಟು ಬಿಡ್ತದ, ಅದನ್ನ ಕೆರದು, ಕಾಸಿ, ಸೋಸಿದ್ರ ಅರಗು. ನಮ್ಮ ದೇಶದಿಂದ ಅದು ಹಡಗ ಹತ್ತಿ ವಿಲಾಯತಿಗೆ ಹೋಗತಿತ್ತು. ಅಲ್ಲೆ ಕಲ್ಲಿನ ಪುಡಿ, ಕಾಡಿಗಿ ಕೂಡಿಸಿ ಬಿಸಿ ಇದ್ದಾಗ ಒತ್ತಿದ್ರ ಕರೀ ಪ್ಲೇಟು ಆಗತಿತ್ತು. ಹಂಗ ನಮ್ಮ ಗಿಡದ ಅಂಟು ನಮ್ಮವರ ದನಿ ಹೊತಗೊಂಡು ಮತ್ತ ನಮ್ಮ ಮನಿಗೇ ಬರತಿತ್ತು.

ಈಗಿನ ಹುಡುಗರಿಗೆ ಹಾಡು ಅಂದ್ರ ಮೊಬೈಲಿನ್ಯಾಗ ಒತ್ತಿದ್ರ ಬರೂದು. ನಮಗ ಕ್ಯಾಸೆಟ್. ನಮ್ಮ ಅವ್ವಗ ರೇಡಿಯೋ. ನಮ್ಮ ಅಜ್ಜಿಗೆ ಫೋನೋ. ಈ ನಾಲ್ಕು ತಲೆಮಾರಿನೊಳಗ ಹಾಡು ನಮ್ಮ ಅಡಿಗಿಮನಿತನಕ ಹೆಂಗ ನಡಕೊಂತ ಬಂತು, ಅದಕ್ಕ ಯಾರ ಯಾರ ಎಷ್ಟ ಕಷ್ಟಪಟ್ರು ಅನ್ನೂದನ್ನ ಬರೀಬೇಕಂತ ಭಾಳ ದಿನದಿಂದ ಮನಸ್ಸಿನ್ಯಾಗ ಇತ್ತು. ನಾನೇನು ಸಂಗೀತ ಕಲಿತಾಕಿ ಅಲ್ಲ. ಸಾ ಯಾವುದು ಪಾ ಯಾವುದು ಅಂತ ಕೇಳಿದ್ರ ಹೇಳಲಿಕ್ಕೆ ಬರೂದಿಲ್ಲ. ಆದ್ರ ಧಾರವಾಡದಾಗ ಹುಟ್ಟಿ ಹುಬ್ಬಳ್ಳಿಗೆ ಸೊಸಿಯಾಗಿ ಬಂದಾಕಿಗೆ ಕಿವಿ ಅಂತೂ ಇರ್ತದಲ್ಲ, ಆ ಕಿವಿ ನಂಬಿ ಬರದೀನಿ.

ನಮ್ಮ ದೇಶದಾಗ ಮೊದಲು ಪ್ಲೇಟಿಗೆ ಹಾಡಿ ಹೆಸರಾದಾಕಿ ಒಬ್ಬ ಹೆಣ್ಣಮಗಳು. ಗೌಹರ್ ಜಾನ್ ಅಂತ. 1902ರ ನವೆಂಬರ್ ತಿಂಗಳದಾಗ ಕಲಕತ್ತಾದಾಗ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅನ್ನಾವ ಬಂದು ಆಕಿ ಹಾಡು ಮುದ್ರಿಸಿಕೊಂಡ. ಆವಾಗ ಮೈಕು ಇರಲಿಲ್ಲ. ಗೋಡಿಗೆ ಹಚ್ಚಿದ ದೊಡ್ಡ ಕೊಳವಿಯ ಬಾಯಿಗೆ ಬಾಯಿ ಹಚ್ಚಿ, ಗಟ್ಟಿ ದನಿಲೆ ಹಾಡಬೇಕು. ಕೊಳವಿಯ ಆ ಕಡಿ ತುದಿಗೆ ಮೊಳಿ ಅಲುಗಿ ಮೇಣದ ಮ್ಯಾಲೆ ಗೀರು ಬೀಳತಿತ್ತು. ಮೂರು ನಿಮಿಷ, ಭಾಳ ಅಂದ್ರ ಮೂರೂವರಿ. ಅಷ್ಟರೊಳಗ ಹಾಡು ಮುಗಿಸಬೇಕು. ರಾತ್ರಿಯೆಲ್ಲಾ ಒಂದೇ ರಾಗ ಹಿಗ್ಗಿಸಿ ಹಾಡೂ ಮಂದಿಗೆ ಮೂರು ನಿಮಿಷ ಅಂದ್ರ ಕೊಡ ನೀರನ್ನ ಬಟ್ಟಲಿಗೆ ತುಂಬಿದ್ಹಂಗ.

ಆಕಿ ಹಾಡಿನ ಕೊನಿಗೆ ಒಂದು ಮಜಾ ಅದ. ಹಾಡು ಮುಗದ ಕೂಡ್ಲೆ ಗೌಹರ್ ಜಾನ್ ಇಂಗ್ಲೀಷಿನ್ಯಾಗ ತನ್ನ ಹೆಸರು ತಾನೇ ಕೂಗಿ ಹೇಳತಾಳ. ಸೊಕ್ಕಿಗೆ ಹೇಳಿದ್ದಲ್ಲ ಅದು. ಆ ಮೇಣದ ಅಚ್ಚು ಜರ್ಮನಿಯ ಹ್ಯಾನೋವರ್ ಊರಿಗೆ ಹೋಗಿ ಅಲ್ಲೆ ಪ್ಲೇಟು ಆಗಬೇಕಿತ್ತು. ಅಲ್ಲಿ ಕೆಲಸದವರಿಗೆ ನಮ್ಮ ಭಾಷಾ ಬರೂದಿಲ್ಲ, ಯಾವ ಹಾಡು ಯಾರದು ಅಂತ ತಿಳೀಬೇಕಲ್ಲ, ಅದಕ್ಕ ಹಾಡಿದವರೇ ಹೆಸರು ಹೇಳೂ ಪದ್ಧತಿ. ಆದ್ರೂ ವಿಚಾರ ಮಾಡ್ರಿ, ಗಂಡನ ಹೆಸರು ಹೇಳ್ಲಿಕ್ಕೂ ನಾಚೂ ಕಾಲದಾಗ, ತನ್ನ ಹೆಸರು ಯಾರರ ಕೇಳಿದ್ರ ತಲಿ ತಗ್ಗಿಸೂ ಕಾಲದಾಗ, ಒಬ್ಬ ಹೆಣ್ಣಮಗಳು ನಾನು ಇಂಥಾಕಿ ಅಂತ ಸಾವಿರಾರು ಮನಿಯೊಳಗ ಕೂಗಿ ಹೇಳಿದ್ಲು. 1908ರಾಗ ಕಲಕತ್ತಾದ ಸಿಯಾಲದಾದಾಗ ಫ್ಯಾಕ್ಟರಿ ಆದ ಮ್ಯಾಲೆ ಪ್ಲೇಟು ಇಲ್ಲೇ ಒತ್ತಲಿಕ್ಕೆ ಸುರು ಆತು.

ಈ ಗೌಹರ್ ಜಾನಳಿಗೂ ನಮ್ಮ ಕರ್ನಾಟಕಕ್ಕೂ ಸಂಬಂಧ ಅದ. ಒಂದು ಕಾಲಕ್ಕ ಅಷ್ಟು ಸಿರಿವಂತಿಕಿ ಕಂಡಾಕಿ ಕಡೀಕ ಮೈಸೂರು ಅರಮನಿ ಆಸ್ಥಾನಕ್ಕ ಬಂದು ಸೇರಿದ್ಲು. 1930ರ ಜನವರಿ 17ಕ್ಕ ಮೈಸೂರಿನ್ಯಾಗೇ ತೀರಿಕೊಂಡ್ಲು. ಮೈಸೂರಿಗೆ ಹೋದವರು ಅರಮನಿ, ಚಾಮುಂಡಿಬೆಟ್ಟ, ಸ್ಯಾಂಡಲ್ ಸೋಪು ಎಲ್ಲಾ ನೋಡಕೊಂಡು ಬರ್ತೀವಿ. ದೇಶಕ್ಕ ಮೊದಲು ಪ್ಲೇಟಿನ್ಯಾಗ ಹಾಡಿ ಹೆಸರಾದಾಕಿ ಅಲ್ಲೇ ಮಣ್ಣಾದ್ಲು ಅನ್ನೂದು ಎಷ್ಟ ಮಂದಿಗೆ ನೆನಪದ?

ಮೊದಮೊದಲು ಪ್ಲೇಟಿಗೆ ಹಾಡಿದವರೊಳಗ ಹೆಣ್ಣಮಕ್ಕಳೇ ಭಾಳ ಯಾಕ ಅಂದ್ರ, ದೊಡ್ಡ ದೊಡ್ಡ ಉಸ್ತಾದರಿಗೆ ಈ ಮಶೀನಿನ ಬಗ್ಗೆ ಹೆದರಿಕಿ. ತಮ್ಮ ವಿದ್ಯಾ ಬೀದಿಗೆ ಬೀಳ್ತದ, ಪಾನ್ ಅಂಗಡಿಯಾಗ ಯಾರರ ಹಚ್ಚತಾರ ಅಂತ ಸಂಕೋಚ. ಕೋಠಿಯಾಗ, ದರಬಾರದಾಗ ಹಾಡೂ ಹೆಣ್ಣಮಕ್ಕಳಿಗೆ ಆ ಸಂಕೋಚ ಇರಲಿಲ್ಲ. ಮರ್ಯಾದಿ ಅನ್ನೂದನ್ನ ಮಂದಿ ಅವರಿಗೆ ಮೊದಲೇ ಕೊಟ್ಟಿರಲಿಲ್ಲ, ಕಳಕೊಳ್ಳೋ ಹೆದರಿಕಿ ಎಲ್ಲಿಂದ ಬರಬೇಕು? ನಮ್ಮ ಕಡಿಯ ಬೆಂಗಳೂರು ನಾಗರತ್ನಮ್ಮನವರೂ ಆ ಕಾಲದಾಗೇ ಪ್ಲೇಟಿಗೆ ಹಾಡ್ಯಾರ. ಯಾರನ್ನ ಮನಿಯೊಳಗ ಕರೀಬಾರದು ಅಂತಿದ್ರೋ ಅವರ ದನಿ ಎಲ್ಲಾರಕಿಂತ ಮೊದಲು ಮನಿಯೊಳಗ ಬಂದು ಕೂತಿತು.

ಇನ್ನ ನಮ್ಮ ಧಾರವಾಡದ ಕಡಿಗೆ ಬರೂಣು. ಗಂಗೂಬಾಯಿ ಹಾನಗಲ್ ಅವರು 1913ರ ಮಾರ್ಚ್ 5ಕ್ಕ ಧಾರವಾಡದಾಗ ಹುಟ್ಟಿದ್ರು. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡತಿದ್ರು, ಛಲೋ ವಿದ್ವಾಂಸಿ. ಸಣ್ಣ ಹುಡುಗಿ ಗಂಗೂಗ ಪ್ಲೇಟಿನ ಹುಚ್ಚು. ಯಾವುದರ ಅಂಗಡಿಯಾಗ ಫೋನೋ ಹಚ್ಚಿದ್ದು ಕೇಳಿದ್ರ ಸಾಕು, ಓಡಿ ಹೋಗಿ ಬೀದಿಯಾಗ ನಿಂತು ಕೇಳಿ, ಅದನ್ನೇ ಮನಿಯಾಗ ಹಾಡಿ ತೋರಸತಿದ್ರು. ಮಗಳ ಒಲವು ಹಿಂದೂಸ್ತಾನಿ ಕಡಿಗೆ ಅದ ಅಂತ ತಾಯಿಗೆ ತಿಳೀತು. ಆವಾಗ ಅಂಬಾಬಾಯಿ ಏನ ಮಾಡಿದ್ರು ಗೊತ್ತೇನು? ತಮ್ಮ ಕರ್ನಾಟಕ ಹಾಡಿಕಿಯಿಂದ ಮಗಳ ಕಿವಿ ಕಲಸುಮೇಲೋಗರ ಆಗಬಾರದು ಅಂತ ತಾವೇ ಹಾಡೂದು ನಿಲ್ಲಿಸಿಬಿಟ್ರು.

ಈ ಮಾತು ಓದಿದಾಗೆಲ್ಲಾ ನಾ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮ ಕೂಡ್ತೀನಿ. ಮಕ್ಕಳ ಸಲುವಾಗಿ ಸೀರಿ ಬಿಟ್ಟವರನ್ನ, ಬಂಗಾರ ಮಾರಿದವರನ್ನ, ಊಟ ಬಿಟ್ಟವರನ್ನ ನಾವೆಲ್ಲಾ ನೋಡೀವಿ. ತಮ್ಮ ದನಿನೇ ಬಿಟ್ಟವರು ಇವರೊಬ್ಬರು. ಅಂಬಾಬಾಯಿ 1932ರಾಗ ತೀರಿಕೊಂಡ್ರು. ಮಗಳ ದನಿ ಅಷ್ಟು ಪ್ಲೇಟಿನ್ಯಾಗ, ರೇಡಿಯೋದಾಗ, ಕ್ಯಾಸೆಟ್ಟಿನ್ಯಾಗ ಉಳೀತು. ತಾಯಿ ಬಿಟ್ಟ ಹಾಡು ಬಿಟ್ಟಲ್ಲೇ ಹೋತು.

ಜಾತಿ ಮಾತೂ ಹೇಳಲೇಬೇಕು. ಅವರ ಬಾಲ್ಯ ಧಾರವಾಡದ ಶುಕ್ರವಾರಪೇಟಿಯಾಗ, ಸುತ್ತ ಮಡಿವಂತರ ಮನಿಗೋಳು. ಮಗ್ಗಲ ಮನಿ ಹಿತ್ತಲದಾಗ ಮಾವಿನಕಾಯಿ ಕದ್ದಾಗ, ಕಾಯಿ ಹೋತು ಅಂತ ಸಿಟ್ಟ ಬರ್ಲಿಲ್ಲ ಮನಿಯವರಿಗೆ, ಹಾಡೋರ ಮನಿ ಹುಡುಗಿ ನಮ್ಮ ಹಿತ್ತಲದಾಗ ಕಾಲಿಟ್ಟಳಲ್ಲ ಅಂತ ಸಿಟ್ಟ ಬಂತು. 1924ರಾಗ ಬೆಳಗಾವಿಯೊಳಗ ಗಾಂಧೀಜಿ ಅಧ್ಯಕ್ಷತಿಯಾಗ ಕಾಂಗ್ರೆಸ್ ಅಧಿವೇಶನ ಆತು. ಸ್ವಾಗತಗೀತಿ ಹಾಡಿದ ಹುಡುಗಿಯರೊಳಗ ಹನ್ನೊಂದು ವರ್ಷದ ಗಂಗೂಬಾಯಿಯೂ ಇದ್ರು. ಅಷ್ಟು ದೊಡ್ಡ ಮಂದಿ ಮುಂದ ಹಾಡಿದ್ದರಕಿಂತ ಒಂದು ಹೆದರಿಕಿನೇ ಅವರಿಗೆ ಕಡೀತನಕ ನೆನಪಿತ್ತು. ಊಟ ಆದ ಮ್ಯಾಲೆ ಎಂಜಲೆಲಿ ಬಳಿ ಅಂತ ತನಗ ಹೇಳಿಬಿಟ್ರ ಹೆಂಗ ಅನ್ನೂ ಹೆದರಿಕಿ. ಹನ್ನೊಂದು ವರ್ಷದ ಕೂಸಿನ ಹೊಟ್ಟಿಯಾಗ ಆ ಹೆದರಿಕಿ ಇಟ್ಟವರು ಯಾರು? ನಮ್ಮಂಥಾ ಮನಿಯವರೇ ಅಲ್ಲೇನು?

1928ರ ಹೊತ್ತಿಗೆ ಅವರ ಮನಿ ಹುಬ್ಬಳ್ಳಿಗೆ ಬಂತು. 1930ರ ದಶಕದಾಗ ಎಚ್.ಎಂ.ವಿ. ಕಂಪನಿ, ಅಂದ್ರ ನಾಯಿ ಮಾರ್ಕಿನ ಪ್ಲೇಟಿನವರು, ಅವರನ್ನ ಮುಂಬೈಗೆ ಕರಿಸಿ ಹಾಡಿಸಿದ್ರು. ಆ ಪ್ಲೇಟಿನ ಮ್ಯಾಲೆ ಹೆಸರು ಗಂಗೂಬಾಯಿ ಅಂತ ಇರಲಿಲ್ಲ, ಗಾಂಧಾರಿ ಅಂತ ಇತ್ತು. ಜಿ.ಎನ್. ಜೋಶಿ ಅವರ ಜೋಡಿ ಮರಾಠಿ ಭಾವಗೀತಿಯನ್ನೂ ಹಾಡ್ಯಾರ. ಆವಾಗಿನ ದನಿ ಕೇಳಿದ್ರ ನಮಗ ಗುರುತೇ ಸಿಗೂದಿಲ್ಲ, ಅಷ್ಟು ಸಣ್ಣ, ಎತ್ತರದ ದನಿ. ಮುಂದ ಗಂಟಲಿನ ಶಸ್ತ್ರಚಿಕಿತ್ಸಾ ಆಗಿ ದನಿ ದಪ್ಪ ಆತು, ಗಂಡಸರ ದನಿ ಹಂಗಾತು. ಬ್ಯಾರೆ ಯಾರರ ಆಗಿದ್ರ ಇನ್ನ ನನ್ನ ಹಾಡು ಮುಗೀತು ಅಂತ ಮೂಲ್ಯಾಗ ಕೂಡತಿದ್ರು. ಇವರು ಅದೇ ದನಿ ಹಿಡಕೊಂಡು ಮತ್ತ ಕಟ್ಟಿದ್ರು. ಹಿಂಗಾಗಿ ಅವರ ಪ್ಲೇಟು ಎರಡು ಥರದ್ದು ಅವ. ಗಾಂಧಾರಿ ಹಾಡಿದ್ದು ಒಂದು, ಗಂಗೂಬಾಯಿ ಹಾಡಿದ್ದು ಒಂದು.

ಅವರ ಗುರು ಸವಾಯಿ ಗಂಧರ್ವರು, ಕುಂದಗೋಳದ ರಾಮಭಾವು. 1886ರಾಗ ಹುಟ್ಟಿದವರು. ಅಬ್ದುಲ್ ಕರೀಂ ಖಾನ್ ಸಾಹೇಬರ ಶಿಷ್ಯರು. ನಾಟಕ ಕಂಪನಿಯಾಗ ಹೆಣ್ಣಿನ ಪಾರ್ಟು ಮಾಡಿ ಹೆಸರಾದವರು, ಯಾಕಂದ್ರ ಆವಾಗ ಹೆಣ್ಣಮಕ್ಕಳು ಸ್ಟೇಜ್ ಏರೂಹಂಗ ಇರಲಿಲ್ಲ. ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲು ಹತ್ತಿ ಹೋಗಿ ಪಾಠ ಕಲೀತಿದ್ರು. ಸಣ್ಣ ಮಕ್ಕಳು, ಮನಿ ಖರ್ಚು, ಊರ ಮಂದಿ ಮಾತು, ಎಲ್ಲಾ ಇದ್ದೂ ಹೋಗತಿದ್ರು. ಗುರುಗಳು ಒಂದೇ ರಾಗ, ಒಂದೇ ಸ್ವರದ ಜಾಗಾ ದಿನಗಟ್ಟಲೆ ತಿದ್ದಸತಿದ್ರಂತ. ಅದೇ ಹೊತ್ತಿನ್ಯಾಗ ಗುರುಗಳ ಮನಿಯಾಗ ಇದ್ದು, ನೀರು ಹೊತ್ತು, ಸೇವಾ ಮಾಡಿ ಕಲೀಲಿಕ್ಕೆ ಹತ್ತಿದ್ದ ಹುಡುಗ ಭೀಮಸೇನ ಜೋಶಿ.

ಭೀಮಸೇನರ ಕತಿಯೂ ಪ್ಲೇಟಿನಿಂದನೇ ಸುರು ಆಗೂದು. 1922ರಾಗ ಹುಟ್ಟಿದ್ರು, ಗದಗಿನ್ಯಾಗ ಬೆಳದ್ರು. ತಂದಿ ಸಾಲಿ ಮಾಸ್ತರು. ಅಂಗಡಿಯೊಂದರಾಗ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿ ಪ್ಲೇಟು ಕೇಳಿ ಹುಡುಗನಿಗೆ ತಲಿ ಕೆಟ್ಟೇಹೋತು. ಹಿಂಗ ಹಾಡೂದು ಕಲೀಬೇಕು ಅಂತ 1933ರಾಗ, ಹನ್ನೊಂದನೇ ವಯಸ್ಸಿಗೆ, ಮನಿ ಬಿಟ್ಟು ಓಡಿಹೋದ್ರು. ಗ್ವಾಲಿಯರ್, ಕಲಕತ್ತಾ, ಜಲಂಧರ್ ಅಂತ ದೇಶ ಸುತ್ತಿದ್ರು. ಜಲಂಧರದಾಗ ವಿನಾಯಕರಾವ್ ಪಟವರ್ಧನರು ಗಂಟಬಿದ್ದು, ನಿಮ್ಮ ಸೀಮಿಯಾಗೇ ಸವಾಯಿ ಗಂಧರ್ವರು ಇರೂವಾಗ ಇಲ್ಲೇನು ಹುಡಕತಿ ಅಂತ ದಾರಿ ತೋರಿಸಿದ್ರಂತ. ಮನಿ ಮಗ್ಗಲದಾಗಿದ್ದ ಗುರುವನ್ನ ಹುಡಕಲಿಕ್ಕೆ ಪಂಜಾಬತನಕ ಹೋಗಿಬಂದ್ಹಂಗಾತು.

ನೋಡ್ರಿ ಇಲ್ಲೊಂದು ಅಂತರ. ಇಬ್ಬರನ್ನೂ ಎಬ್ಬಿಸಿದ್ದು ಪ್ಲೇಟೇ. ಗಂಡು ಹುಡುಗ ಪ್ಲೇಟು ಕೇಳಿ ರೈಲು ಹತ್ತಿದ. ಹೆಣ್ಣು ಹುಡುಗಿ ಪ್ಲೇಟು ಕೇಳಿ ಅಂಗಡಿ ಮುಂದ ನಿಂತು, ತಿರುಗಿ ಮನಿಗೆ ಬಂದ್ಲು. ಆಕಿಗೆ ರೈಲು ಸಿಗೂದಕ್ಕ ಇನ್ನೂ ಭಾಳ ವರ್ಷ ಬೇಕಾತು, ಅದೂ ರಾತ್ರಿ ಗಾಡಿಗೆ ತಿರುಗಿ ಬರೂ ಕರಾರಿನ ಮ್ಯಾಲೆ. ಇಬ್ಬರೂ ಮುಟ್ಟಿದ್ದು ಒಂದೇ ಎತ್ತರಕ್ಕ. ದಾರಿ ಮಾತ್ರ ಒಂದೇ ಇರಲಿಲ್ಲ.

ನಮ್ಮ ತೌರಮನಿ ಅಜ್ಜಿ ಮನ್ಯಾಗೂ ಒಂದು ಫೋನೋ ಇತ್ತು. ಕೀಲಿ ಕೊಟ್ಟು ತಿರುವೂದು. ಪ್ಲೇಟು ನಿಮಿಷಕ್ಕ 78 ಸುತ್ತು ತಿರಗತಿತ್ತು. ಕೀಲಿ ಸಡಲಾತು ಅಂದ್ರ ಹಾಡಾವರಿಗೆ ನಿದ್ದಿ ಬಂದ್ಹಂಗ ದನಿ ಇಳೀತಿತ್ತು, ನಾವು ಹುಡುಗರು ಬಿದ್ದು ಬಿದ್ದು ನಗತಿದ್ವಿ. ಪ್ಲೇಟು ಹಚ್ಚೂವಾಗೊಮ್ಮೆ ಮೊಳಿ ಬದಲಿ ಮಾಡಬೇಕು, ಹಳೀ ಮೊಳಿ ಇಟ್ರ ಪ್ಲೇಟಿನ ಗೀರು ಹರೀತದ. ಕೈಜಾರಿ ಬಿತ್ತೋ, ಹಂಚು ಒಡದ್ಹಂಗ ಚೂರು. ಅಜ್ಜ ಪ್ಯಾಟಿಗೆ ಹೋದ ಮ್ಯಾಲೆ, ಊಟದ ಕೆಲಸ ಮುಗದ ಮ್ಯಾಲೆ, ಮಧ್ಯಾಹ್ನ ಎರಡರಿಂದ ಮೂರರತನಕ ಅದು ಅಜ್ಜಿದು. ಅಕ್ಕಿ ಆರಸಕೋತ, ಬತ್ತಿ ಹೊಸಕೋತ ಕೇಳತಿದ್ಲು.

ನಮ್ಮ ಅಜ್ಜಿ ತನ್ನ ಜೀವಮಾನದಾಗ ಒಂದೂ ಬೈಠಕ್ ಕೂತು ಕೇಳಿದಾಕಿ ಅಲ್ಲ. ಧಾರವಾಡದಾಗ ಇದ್ದು! ನಮ್ಮ ಓಣಿ ದಾಟಿದ್ರ ಹಾಡಿಕಿ, ಗಣಪತಿ ಹಬ್ಬ ಬಂದ್ರ ಹಾಡಿಕಿ. ಗಂಡಸರು ಎಲಿ ಅಡಕಿ ಹಾಕ್ಕೊಂಡು ಬೆಳಗಿನ ಜಾವಕ್ಕ ಬಂದು ಏನ್ ಹಾಡಿದ್ರು ಏನ್ ಹಾಡಿದ್ರು ಅಂತಿದ್ರು. ಮರ್ಯಾದಸ್ತ ಮನಿ ಹೆಣ್ಣಮಕ್ಕಳು ರಾತ್ರಿ ಹಾಡಿಕಿಗೆ ಹೋಗಬಾರದು ಅನ್ನೂದು ಬರೀದ ಕಾನೂನು. ಅವರ ಸಲುವಾಗಿ ಚಹಾ, ಅವಲಕ್ಕಿ ಮಾಡಿ ಇಡೂದು ಅಷ್ಟೇ ನಮ್ಮ ಪಾಲಿಗೆ ಬಂದ ಸಂಗೀತ. ಹಿಂಗಾಗಿ ಆಕಿಗೆ ಅಬ್ದುಲ್ ಕರೀಂ ಖಾನ್ ಅಂದ್ರ ಮೂರು ನಿಮಿಷದ ಮನಿಷ್ಯಾ. ಪ್ಲೇಟು ಮುಗಿದಾಗ ಅಜ್ಜಿ ಒಂದು ಮಾತು ಹೇಳತಿದ್ಲು, ಈಗೆಲ್ಲೋ ಬಾಗಲಾ ತೆಗದಿತ್ತು, ಅಷ್ಟರಾಗ ಮುಚ್ಚಿದ್ರು ಅಂತ.

ಆ ಬಾಗಲಾ ಪೂರಾ ತೆರದದ್ದು ರೇಡಿಯೋ. ಧಾರವಾಡ ಆಕಾಶವಾಣಿ 1950ರ ಜನವರಿ 8ಕ್ಕ ಸುರು ಆತು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ, ಬಸವರಾಜ ರಾಜಗುರು ಎಲ್ಲಾರೂ ಅಲ್ಲೆ ಹಾಡ್ಯಾರ. ಮೂರು ನಿಮಿಷದ ಜಾಗಾದಾಗ ಅರ್ಧ ತಾಸು ಬಂತು. ಮುಂಜಾನಿ ತೋಡಿ, ಸಂಜಿಗೆ ಯಮನ್, ಆಯಾ ಹೊತ್ತಿಗೆ ಆಯಾ ರಾಗ. ನಮ್ಮ ಅವ್ವಗ ರಾಗದ ಹೆಸರು ಬರ್ತಿರಲಿಲ್ಲ, ಆದ್ರ ಇದು ಹಾಲು ಕಾಸೂ ಹೊತ್ತಿನ ಹಾಡು, ಇದು ದೀಪಾ ಹಚ್ಚೂ ಹೊತ್ತಿನ ಹಾಡು ಅಂತ ಬರೋಬರಿ ಹೇಳತಿದ್ಲು. ರಾಗದ ಸಮಯ ಅಂತ ಪಂಡಿತರು ಹೇಳೂದು ಅದನ್ನೇ ಅಲ್ಲೇನು?

ಆಮ್ಯಾಲೆ ದೊಡ್ಡ ಪ್ಲೇಟು ಬಂದ್ವು, ಎಲ್.ಪಿ. ಅಂತ. ಅರಗು ಹೋಗಿ ಪ್ಲಾಸ್ಟಿಕ್ ಬಂತು, ಒಡೀತಿರಲಿಲ್ಲ. ಒಂದು ಬಾಜೂಕ ಇಪ್ಪತ್ತು ನಿಮಿಷದ ಮ್ಯಾಲೆ ಹಾಡು. ಆದ್ರ ಅದರ ಮಶೀನು ತುಟ್ಟಿ, ನಮ್ಮಂಥವರ ಮನಿಗೆ ಬರ್ಲಿಲ್ಲ. ನಮ್ಮ ಮನಿಗೆ ಬಂದದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ 1963ರಾಗ ತಗದ ಈ ಸಣ್ಣ ಡಬ್ಬಿ ನಮ್ಮ ಕಡಿ ಓಣಿ ಓಣಿಗೆ ಮುಟ್ಟಿದ್ದು 80ರ ಮ್ಯಾಲೆ. ಕನ್ನಡದಾಗ ಭಾವಗೀತಿಯ ಮೊದಲ ಕ್ಯಾಸೆಟ್ ಅಂತ ಹೆಸರಾದ ನಿತ್ಯೋತ್ಸವ 1978ರಾಗ ಬಂತು, ನಿಸಾರ್ ಅಹಮದ್ ಅವರ ಪದ್ಯ, ಮೈಸೂರು ಅನಂತಸ್ವಾಮಿ ಅವರ ರಾಗ. ಭೀಮಸೇನ ಜೋಶಿ ಅವರ ದಾಸವಾಣಿ ಅಂತೂ ಮನಿ ಮನಿಯಾಗ. ಶುಕ್ರವಾರ ಸಂಜಿಗೆ ಪುರಂದರದಾಸರ ಲಕ್ಷ್ಮೀ ಪದ ಹಚ್ಚಲಿಲ್ಲಂದ್ರ ಪೂಜಾ ಮುಗದ್ಹಂಗ ಆಗತಿರಲಿಲ್ಲ. ನಮ್ಮ ಓಣ್ಯಾಗ ಏಳೂ ಮನಿಯೊಳಗ ಅದೇ ಪದ, ಒಬ್ಬರ ಮನ್ಯಾಗ ಪಲ್ಲವಿ, ಒಬ್ಬರ ಮನ್ಯಾಗ ಕಡೀ ನುಡಿ.

ಕ್ಯಾಸೆಟ್ಟಿನ ದೊಡ್ಡ ಉಪಕಾರ ಅಂದ್ರ ಅದರ ಅಳತಿ. 60 ನಿಮಿಷದ್ದಕ್ಕ ಒಂದು ಬಾಜೂ ಅರ್ಧ ತಾಸು. ಹಿಟ್ಟು ನಾದೂದರಿಂದ ಹಿಡದು ಹನ್ನೆರಡು ಭಕ್ಕರಿ ಬಡಿಯೂದಕ್ಕ ಸರೀ ಅರ್ಧ ತಾಸು. ವಿಲಂಬಿತದಾಗ ಹಿಟ್ಟು ನಾದಿ, ದ್ರುತಕ್ಕ ಬರೂದರಾಗ ಭಕ್ಕರಿ ಬಡದು, ಟಕ್ ಅಂತ ಗುಂಡಿ ಹಾರಿದಾಗ ಕಡೀ ಭಕ್ಕರಿ ಬುಟ್ಟಿಗೆ. ಗಡಿಯಾರ ನೋಡೂ ಕೆಲಸಿಲ್ಲ.

ನನಗ ಭಾಳ ಸೇರೂ ಧ್ವನಿಮುದ್ರಿಕಿ ಯಾವುವು ಅಂತ ಕೇಳಿದ್ರ ನಾಲ್ಕು ಹೇಳತೀನಿ. ಒಂದು, ಅಬ್ದುಲ್ ಕರೀಂ ಖಾನರ ಅದೇ ಝಿಂಝೋಟಿ ಠುಮರಿ. ಮೂರು ನಿಮಿಷದಾಗ ಅವಸರ ಅನ್ನೂದೇ ಇಲ್ಲ, ಅರ್ಧ ತಾಸು ಕೂತು ಎದ್ದ್ಹಂಗ ಆಗ್ತದ. ಎರಡು, ಗಂಗೂಬಾಯಿ ಅವರ ಮಾರವಾ. ಸೂರ್ಯಾ ಮುಳಗೂ ಹೊತ್ತಿನ ರಾಗ ಅದು. ಆ ದಪ್ಪ ದನಿ ಒಂದೊಂದೇ ಸ್ವರದ ಮ್ಯಾಲೆ ಕಾಲ ಊರಿ ನಿಂತಾಗ ಮನಿ ಖಾಲಿ ಖಾಲಿ ಅನಸ್ತದ. ಹಿಂದ ಮಗಳು ಕೃಷ್ಣಾ ಹಾನಗಲ್ ದನಿ ಕೂಡಿಸಿದ ಹಾಡು ಸಿಕ್ರ ಅದನ್ನೇ ಕೇಳ್ರಿ, ಅವ್ವ ಮಗಳು ಕೂಡಿ ಮಾತಾಡಿದ್ಹಂಗ ಇರ್ತದ. ಮೂರು, ಭೀಮಸೇನ ಜೋಶಿ ಅವರ ಶುದ್ಧ ಕಲ್ಯಾಣ. ನಾಲ್ಕು, ಮನಸೂರರ ವಚನ ಗಾಯನ. ಅಕ್ಕಮಹಾದೇವಿ ವಚನ ಅವರ ಬಾಯಾಗ ಕೇಳಿದ್ರ ಇದು ಗಂಡಸರ ದನಿ ಅನ್ನೂದು ಮರತುಹೋಗ್ತದ. ಗಂಗೂಬಾಯಿ ದನಿ ಗಂಡಸರ ದನಿ ಅಂತಾರ, ಮನಸೂರರು ಅಕ್ಕನ ದನಿಲೆ ಹಾಡತಾರ. ಸಂಗೀತದಾಗ ಈ ಗಂಡು ಹೆಣ್ಣು ಅನ್ನೂದು ಎಲ್ಲೆ ಕರಗಿ ಹೋಗ್ತದೋ ಏನೋ.

ಇನ್ನ ಎದುರಿಗೆ ಕೂತು ಕೇಳಿದ ಮಾತು. ಸವಾಯಿ ಗಂಧರ್ವರು 1952ರ ಸೆಪ್ಟೆಂಬರದಾಗ ತೀರಿಕೊಂಡ್ರು. ಅವರ ಹೆಸರಿನ ಮ್ಯಾಲೆ 1953ರಿಂದ ಪುಣೆಯೊಳಗ ಭೀಮಸೇನರು ದೊಡ್ಡ ಉತ್ಸವ ಸುರು ಮಾಡಿದ್ರು, ಅದು ದೇಶಕ್ಕೆಲ್ಲಾ ಹೆಸರಾತು. ಕುಂದಗೋಳದಾಗೂ ಪುಣ್ಯತಿಥಿಗೆ ನಾಡಗೇರ ವಾಡೇದಾಗ ರಾತ್ರಿಯೆಲ್ಲಾ ಹಾಡಿಕಿ. ಅದೇ ವಾಡೇದಾಗ ಅಬ್ದುಲ್ ಕರೀಂ ಖಾನರು ಇಳಕೊಂಡು ಪಾಠ ಹೇಳತಿದ್ರು. ಮುಂದ ಗಂಗೂಬಾಯಿ, ಭೀಮಸೇನ, ಮನಸೂರ, ರಾಜಗುರು ಎಲ್ಲಾರೂ ಗುರುವಿನ ಋಣ ಅಂತ ಅಲ್ಲೆ ಬಂದು ಹಾಡ್ಯಾರ.

80ರ ದಶಕದಾಗ, ನಾನು ಪಿ.ಯು.ಸಿ. ಓದೂವಾಗ, ನಮ್ಮ ಮಾವಶಿ ನನ್ನನ್ನ ಕರಕೊಂಡು ಹೋಗಿದ್ಲು. ಆಕಿ ಸಾಲಿ ಟೀಚರು, ಸ್ವಂತ ದುಡೀತಿದ್ಲು, ಹಿಂಗಾಗಿ ಆಕಿ ಮಾತಿಗೆ ಮನ್ಯಾಗ ಯಾರೂ ಎದುರು ಹೇಳ್ತಿರಲಿಲ್ಲ. ಹುಬ್ಬಳ್ಳಿಯಿಂದ ರೈಲು, ಚೀಲದಾಗ ಚಪಾತಿ, ಶೇಂಗಾ ಚಟ್ನಿ, ಒಂದು ಹಚ್ಚಡಾ. ವಾಡೇದಾಗ ಜಮಖಾನಿ ಹಾಸಿದ್ರು, ಟಿಕೀಟು ಗಿಕೀಟು ಏನಿಲ್ಲ. ರೈತರು ರುಮಾಲ ಸುತಗೊಂಡು ಮುಂದ ಕೂತಿದ್ರು. ಹೆಣ್ಣಮಕ್ಕಳು ಒಂದು ಕಡಿ ಗೋಡಿಗೆ ಆನಿಸಿ ಕೂತಿದ್ವಿ, ತೊಡಿ ಮ್ಯಾಲೆ ಮಲಗಿದ ಕೂಸುಗಳು. ಸಣ್ಣವರ ಹಾಡು ಮೊದಲು, ದೊಡ್ಡವರದು ರಾತ್ರಿ ಏರಿದ ಮ್ಯಾಲೆ. ಮಧ್ಯರಾತ್ರಿ ಕಳದ ಮ್ಯಾಲೆ ಗಂಗೂಬಾಯಿ ಬಂದು ಕೂತ್ರು. ಸಣ್ಣ ಮೈಕಟ್ಟು, ಮೈತುಂಬ ಸೆರಗು, ಮೂಗಿನ್ಯಾಗ ನತ್ತು. ನಮ್ಮ ಮನಿ ಹಿರೇ ಹೆಣ್ಣಮಗಳು ಹೆಂಗೋ ಹಂಗ. ಕೈ ಕಿವಿಗೆ ಹಚ್ಚಿ ಮೊದಲ ಸಾ ಹಿಡದ್ರು ನೋಡ್ರಿ, ನನ್ನ ಬೆನ್ನ ಹಿಂದಿನ ಗೋಡಿ ಗುಂಯ್ ಅಂತು. ಸುಳ್ಳಲ್ಲ, ಬೆನ್ನಿಗೆ ಹತ್ತಿದ್ದು ನನಗ ಇನ್ನೂ ನೆನಪದ. ಪ್ಲೇಟು, ಕ್ಯಾಸೆಟ್ ಯಾವುದರಾಗೂ ಈ ಗೋಡಿ ನಡಗೂದು ಬರೂದಿಲ್ಲ. ಮಾವಶಿ ಕಣ್ಣಾಗ ನೀರು. ಯಾಕ ಅಂದೆ. ನಿಮ್ಮ ಅಜ್ಜಿಗೆ ಇದು ಸಿಗಲಿಲ್ಲಲೇ ಅಂದ್ಲು.

ಬೆಳಗಿನ ಜಾವದ ರಾಗ, ಲಲಿತ, ಭಟಿಯಾರ ಅಂಥಾವು, ಬೆಳಗಿನ ಜಾವಕ್ಕೇ ಕೇಳೂ ಭಾಗ್ಯ ಇಂಥಾ ರಾತ್ರಿಗೋಳಿಂದ ಮಾತ್ರ ಸಿಗೂದು. ಈಗ ಕಾರ್ಯಕ್ರಮ ಎಲ್ಲಾ ಸಂಜಿ ಆರಕ್ಕ ಸುರು ಆಗಿ ಒಂಬತ್ತಕ್ಕ ಮುಗೀತಾವ. ಸಂಜಿ ಕಾರ್ಯಕ್ರಮ ಆದದ್ದಕ್ಕ ನಮ್ಮಂಥವರು ಹೋಗಲಿಕ್ಕೆ ಸುಲಭ ಆತು, ಅದು ಖರೇ. ಆದ್ರ ಮಾಲಕಂಸ, ದರಬಾರಿಯಂಥಾ ನಡುರಾತ್ರಿ ರಾಗ, ಬೆಳಗಿನ ಜಾವದ ಲಲಿತ ಮನಿಯಿಲ್ಲದವರ ಹಂಗಾಗ್ಯಾವ.

ಮನಸೂರರನ್ನ ಧಾರವಾಡದಾಗ ಎರಡು ಸರ್ತಿ ಕೇಳೀನಿ. ಅವರು 1992ರಾಗ ತೀರಿಕೊಂಡ್ರು. ತೆಳ್ಳಗ ಕಡ್ಡಿ ಹಂಗಿದ್ರು. ಪೀಠಿಕಿ ಗೀಠಿಕಿ ಏನಿಲ್ಲ, ಕೂತ ಕೂಡ್ಲೆ ರಾಗದ ನಡುಮನ್ಯಾಗೇ ಇರತಿದ್ರು. ಯಾರೂ ಕೇಳದ ಜೋಡರಾಗ ಹಾಡೂದು ಅವರ ಹವ್ಯಾಸ, ಎರಡು ರಾಗ ಹೆಣದು ಒಂದು ಜಡಿ ಮಾಡಿದ್ಹಂಗ. ಭೀಮಸೇನರನ್ನ ಕೇಳಿದ್ದು ಹುಬ್ಬಳ್ಳಿಯಾಗ, ಮದುವಿ ಆದ ಮ್ಯಾಲೆ, ಅತ್ತಿ ಜೋಡಿ ಕೂತು. ನಮ್ಮ ಅತ್ತಿಗೂ ಅದೇ ಮೊದಲನೇ ಹಾಡಿಕಿ, ಆಕಿಗೆ ಆವಾಗ ಅರವತ್ತು ದಾಟಿತ್ತು. ಕಡೀಕ ಭೈರವಿ ಹಾಡಿದಾಗ ಆಕಿ ನನ್ನ ಕೈ ಗಟ್ಟಿ ಹಿಡಕೊಂಡು ಕೂತಿದ್ಲು. ಅತ್ತಿ-ಸೊಸಿ ನಡುವ ಎಷ್ಟೋ ಮಾತು ಆಡದೇ ಮುಗದ್ವು ಅವತ್ತು.

ಹೆಣ್ಣಮಕ್ಕಳು ಟಿಕೀಟು ಇಟ್ಟು ಸಭಾದಾಗ ಹಾಡೂದೂ ಒಂದು ದೊಡ್ಡ ಹೋರಾಟನೇ ಆಗಿತ್ತು. ಅದನ್ನ ಮೊದಮೊದಲು ಮಾಡಿದವರೊಳಗ ಹೀರಾಬಾಯಿ ಬಡೋದೇಕರ್ ಒಬ್ಬರು, ಅಬ್ದುಲ್ ಕರೀಂ ಖಾನರ ಮಗಳು. ಅವರು ಹಂಗ ಸಭಾದಾಗ ಕೂತದ್ದಕ್ಕ ಮುಂದಿನವರಿಗೆ ದಾರಿ ಆತು. ಹಾಡಾವರಿಗಷ್ಟೇ ಅಲ್ಲ, ಕೇಳಾವರಿಗೂ. ಹಾಡಾಕಿ ಸಭಾದಾಗ ಮರ್ಯಾದಿಲೆ ಕೂತ್ಲು ಅಂದ ಮ್ಯಾಲೆ ಕೇಳಾಕಿ ಯಾಕ ಮನ್ಯಾಗ ಕೂಡಬೇಕು?

ಆದ್ರೂ ಹೆಸರಿನ ಲೆಕ್ಕ ಪೂರಾ ಚುಕ್ತಾ ಆಗಲಿಲ್ಲ. ಗಂಗೂಬಾಯಿ ಅವರೇ ಒಂದು ಮಾತು ಹೇಳತಿದ್ರು. ಹಾಡೂ ಗಂಡಸು ಮುಸಲ್ಮಾನ ಇದ್ರ ಉಸ್ತಾದ ಆಗ್ತಾನ, ಹಿಂದೂ ಇದ್ರ ಪಂಡಿತ ಆಗ್ತಾನ, ಆದ್ರ ಕೇಸರಬಾಯಿ, ಮೋಗೂಬಾಯಿಯಂಥಾವರು ಬಾಯಿ ಆಗೇ ಉಳೀತಾರ ಅಂತ. ನಗಕೋತನೇ ಹೇಳತಿದ್ರಂತ, ಆದ್ರ ಅದರಾಗಿನ ಮುಳ್ಳು ಯಾರಿಗೆ ತಿಳಿಯೂದಿಲ್ಲ? 1971ರಾಗ ಪದ್ಮಭೂಷಣ, 2002ರಾಗ ಪದ್ಮವಿಭೂಷಣ ಬಂತು. 2009ರ ಜುಲೈ 21ಕ್ಕ ಹುಬ್ಬಳ್ಳಿಯೊಳಗ ತೀರಿಕೊಂಡ್ರು. ಮೈಸೂರಿನ್ಯಾಗ ಅವರ ಹೆಸರಿನ್ಯಾಗ ಒಂದು ವಿಶ್ವವಿದ್ಯಾಲಯನೇ ಆಗ್ಯದ. ಮಾವಿನಕಾಯಿ ಕದ್ದ ಕೂಸು ಒಳಗ ಬರಬಾರದು ಅಂದಿದ್ರಲ್ಲ, ಮುಂದ ಅಂಥಾ ಮನಿಯವರೇ ಅವರನ್ನ ಕರದು ಕೂಡಿಸಿ ಊಟಕ್ಕ ಹಾಕಿದ್ರು. ಅವರು ಅದನ್ನೂ ನಗಕೋತನೇ ಹೇಳಿದ್ರು, ಬೈಕೋತ ಅಲ್ಲ.

ನಿಮ್ಮ ಅಟ್ಟದಾಗ, ಟ್ರಂಕಿನ್ಯಾಗ ಹಳೀ ಅರಗಿನ ಪ್ಲೇಟು ಇದ್ರ ಒಂದು ಮಾತು ನೆನಪಿಡ್ರಿ. ಒಂದರ ಮ್ಯಾಲೊಂದು ಪೇರಿಸಿ ಇಡಬ್ಯಾಡ್ರಿ, ಭಾರಕ್ಕ ಸೀಳ್ತಾವ, ಪುಸ್ತಕದ ಹಂಗ ನೆಟ್ಟಗ ನಿಲ್ಲಿಸಿಡ್ರಿ. ಬಿಸಲಿಗೆ ಇಡಬ್ಯಾಡ್ರಿ, ಅರಗು ಬಾಗ್ತದ. ಸ್ಪಿರಿಟ್ ಹಚ್ಚಿ ಒರಸೂದಂತೂ ಬ್ಯಾಡೇ ಬ್ಯಾಡ, ಸ್ಪಿರಿಟ್ಟಿಗೆ ಅರಗು ಕರಗ್ತದ, ಹಾಡು ಅಳಕಿ ಹೋಗ್ತದ. ಮೆತ್ತನ ಒಣ ಅರವಿಲೆ ಗೀರಿನ ಗುಂಟ ಒರಸ್ರಿ ಸಾಕು. ಗುಜರಿಯವನಿಗೆ ಹಾಕೂಕಿಂತ ಮೊದಲು ಲೇಬಲ್ ಮ್ಯಾಲಿನ ಹೆಸರು ಓದ್ರಿ. ಗಾಂಧಾರಿ ಅಂತ ಇದ್ರ ನನಗೊಂದು ಹಾಳಿ ಕಳಸ್ರಿ, ಚಹಾಕ್ಕ ನಾನೇ ಬರ್ತೀನಿ.